ಧಾತುಗಳ ವರ್ಣಮಾಲೆ

1930ನೆಯ ಇಸವಿಯ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಜನಸಾಗರವೇ ನೆರೆದಿತ್ತು. ಅದಕ್ಕೆ ಒಂದು ವಾರ ಮುಂಚೆ, ಏಪ್ರಿಲ್ 6ರಂದು, ಗಾಂಧೀಜಿಯವರು ದಾಂಡಿಯ ಕಡಲತಡಿಯಲ್ಲಿ ಉಪ್ಪಿನ ಕಾನೂನನ್ನು ಮುರಿದಿದ್ದರು. ಕರ್ನಾಟಕದಲ್ಲಿ ಆ ಮಹಾಕಾರ್ಯಕ್ಕೆ ಆರಿಸಿಕೊಂಡ ಸ್ಥಳ ಅಂಕೋಲೆ. ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂದು ಸತ್ಯಾಗ್ರಹಿಗಳು ಉಪ್ಪನ್ನು ತಯಾರಿಸಿ ಪರಕೀಯ ಸರಕಾರದ ಕಾನೂನನ್ನು ಬಹಿರಂಗವಾಗಿ ಉಲ್ಲಂಘಿಸಿದರು. ಬಡವನ ಗಂಜಿಗೂ ಬೇಕಾದ ವಸ್ತು ಉಪ್ಪು. ಕಡಲು ಅದನ್ನು ಬೇಡದೆಯೇ ಕೊಡುತ್ತದೆ. ಅದಕ್ಕೆ ತೆರಿಗೆ ಹೇರುವ ಅಧಿಕಾರ ಯಾರಿಗುಂಟು? ಈ ಒಂದು ಪ್ರಶ್ನೆಯೇ ಸಾವಿರಾರು ಜನರನ್ನು ಎಬ್ಬಿಸಿ ನಿಲ್ಲಿಸಿತು. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಕೀರ್ತಿ ಬಂದುದು ಇಂಥ ಹೋರಾಟಗಳಿಂದಲೇ.

ಆ ಹಿಡಿ ಉಪ್ಪಿನಲ್ಲಿ ಇನ್ನೊಂದು ಪ್ರಶ್ನೆಯೂ ಅಡಗಿದೆ. ಅದು ಇತಿಹಾಸಕಾರನ ಪ್ರಶ್ನೆಯಲ್ಲ, ರಸಾಯನ ವಿಜ್ಞಾನಿಯದು. ಉಪ್ಪು ಯಾವುದರಿಂದ ಆಗಿದೆ?

ಉಪ್ಪು ಎರಡು ಮೂಲವಸ್ತುಗಳ ಕೂಟ. ಒಂದು ಸೋಡಿಯಂ, ಇನ್ನೊಂದು ಕ್ಲೋರಿನ್. ಸೋಡಿಯಂ ಬೆಳ್ಳಿಯಂತೆ ಹೊಳೆಯುವ ಲೋಹ. ಚಾಕುವಿನಿಂದ ಕೊಯ್ಯುವಷ್ಟು ಮೃದು. ಇಂಗ್ಲೆಂಡಿನ ಹಂಫ್ರಿ ಡೇವಿ 1807ರಲ್ಲಿ ಕರಗಿದ ಕಾಸ್ಟಿಕ್ ಸೋಡಾದೊಳಗೆ ವಿದ್ಯುತ್ತನ್ನು ಹಾಯಿಸಿ ಅದನ್ನು ಮೊದಲ ಬಾರಿಗೆ ಬೇರ್ಪಡಿಸಿದನು. ಇದರ ಒಂದು ಚೂರನ್ನು ನೀರಿಗೆ ಹಾಕಿದರೆ ಸಿಡಿದು ಉರಿಯುತ್ತದೆ. ಅದಕ್ಕಾಗಿಯೇ ಪ್ರಯೋಗಶಾಲೆಯಲ್ಲಿ ಅದನ್ನು ಸೀಮೆ ಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಕ್ಲೋರಿನ್ ಹಸಿರು ಛಾಯೆಯ ಹಳದಿ ಅನಿಲ, ಉಸಿರುಕಟ್ಟಿಸುವ ವಿಷ. ಮೊದಲನೆಯ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಸೈನಿಕರ ಮೇಲೆ ಹರಿಯಬಿಟ್ಟದ್ದು ಇದೇ ಅನಿಲವನ್ನು. ಒಂದು ಬೆಂಕಿ, ಇನ್ನೊಂದು ವಿಷ. ಇವೆರಡೂ ಕೂಡಿದಾಗ ಅನ್ನಕ್ಕೆ ರುಚಿಕೊಡುವ ಉಪ್ಪು! ಇದು ಹೇಗೆ ಸಾಧ್ಯ? ಇದಕ್ಕೆ ಉತ್ತರ ದೊರೆಯುವುದು ರಸಾಯನಶಾಸ್ತ್ರದ ತರಗತಿಯ ಗೋಡೆಯ ಮೇಲೆ ತೂಗುವ ಒಂದು ಪಟದಲ್ಲಿ. ಅದೇ ಧಾತುಗಳ ಆವರ್ತ ಕೋಷ್ಟಕ.

ಬೇರೊಂದು ವಸ್ತುವಾಗಿ ಒಡೆಯಲು ಬಾರದ ಮೂಲವಸ್ತುವಿಗೆ ರಸಾಯನಶಾಸ್ತ್ರದಲ್ಲಿ ಧಾತು ಎಂದು ಹೆಸರು. ಕಾರವಾರ–ಅಂಕೋಲೆಗಳ ಕರಾವಳಿಯಲ್ಲಿ ಒಂದು ಸುತ್ತು ಬಂದವನಿಗೆ ಎಷ್ಟು ಬಗೆಯ ಧಾತುಗಳು ಎದುರಾಗುತ್ತವೆ! ಅಂಕೋಲೆಯಿಂದ ದಕ್ಷಿಣಕ್ಕೆ ಗಂಗಾವಳಿಯನ್ನು ದಾಟಿದರೆ ಗೋಕರ್ಣದ ಬಳಿ ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ಅಲ್ಲಿ ಉಪ್ಪನ್ನು ಬಾಚಿ ತೆಗೆದ ಮೇಲೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ ಇದೆ. ಅಳಿವೆಗಳ ಕೆಸರಿನಲ್ಲಿ ದೊರೆಯುವ ಕಪ್ಪೆಚಿಪ್ಪನ್ನು ಸುಟ್ಟರೆ ಸುಣ್ಣವಾಗುತ್ತದೆ, ಅದರಲ್ಲಿರುವುದು ಕ್ಯಾಲ್ಸಿಯಂ. ಘಟ್ಟದ ಮೇಲೆ ಜೋಯಿಡಾದ ಕಾಡುಗಳಲ್ಲಿ ಮ್ಯಾಂಗನೀಸ್ ಅದಿರು ಉಂಟು. ಅಂಕೋಲೆ ತಾಲೂಕಿನ ಬೇಲೆಕೇರಿ ಬಂದರಿನಿಂದ ಹಿಂದೆ ಕಬ್ಬಿಣದ ಅದಿರು ಹಡಗುಗಳಲ್ಲಿ ಪರದೇಶಕ್ಕೆ ಹೋಗುತ್ತಿತ್ತು. ಕಾರವಾರದ ದಕ್ಷಿಣಕ್ಕೆ ಬಿಣಗಾದಲ್ಲಿ ಉಪ್ಪುನೀರಿನೊಳಗೆ ವಿದ್ಯುತ್ತನ್ನು ಹಾಯಿಸಿ ಕ್ಲೋರಿನ್ ಮತ್ತು ಕಾಸ್ಟಿಕ್ ಸೋಡಾಗಳನ್ನು ತಯಾರಿಸುವ ಕಾರ್ಖಾನೆಯಿದೆ. ಕಾಳೀ ನದಿಯ ಗುಂಟ ಒಳನಾಡಿಗೆ ಹೋದರೆ ಕದ್ರಾ ಜಲಾಶಯದ ಅಂಚಿನಲ್ಲಿ ಕೈಗಾ ಪರಮಾಣು ವಿದ್ಯುತ್ ಸ್ಥಾವರ. ಅಲ್ಲಿಯ ಇಂಧನ ಯುರೇನಿಯಂ.

ಇಂದು ತಿಳಿದಿರುವ ಧಾತುಗಳು 118. ಒಂದೊಂದರ ಬಣ್ಣ, ತೂಕ, ಗುಣ, ಸ್ವಭಾವಗಳನ್ನು ಬಿಡಿಬಿಡಿಯಾಗಿ ಕಂಠಪಾಠ ಮಾಡಬೇಕಾಗಿದ್ದರೆ ರಸಾಯನಶಾಸ್ತ್ರವೆಂಬುದು ವಿದ್ಯೆಯಾಗುತ್ತಿರಲಿಲ್ಲ, ಸಂತೆಯ ಸರಕುಪಟ್ಟಿಯಾಗುತ್ತಿತ್ತು. ಬಹುಕಾಲ ಅದು ಹಾಗೆಯೇ ಇತ್ತು. ಫ್ರಾನ್ಸಿನ ಲವಾಸಿಯೆ 1789ರಲ್ಲಿ 33 ಧಾತುಗಳ ಪಟ್ಟಿಯನ್ನು ಮಾಡಿದನು. ಬೆಳಕು ಮತ್ತು ಶಾಖಗಳೂ ಅದರಲ್ಲಿ ಸೇರಿದ್ದವು! 1869ರ ಹೊತ್ತಿಗೆ ಪಟ್ಟಿ 63ಕ್ಕೆ ಬೆಳೆಯಿತು. ಸರಕು ಹೆಚ್ಚಿತು, ಅದನ್ನು ಜೋಡಿಸಿಡುವ ಗೂಡುಗಳು ಇರಲಿಲ್ಲ.

ಜೋಡಣೆಯ ಸುಳಿವು ಮೊದಲು ಸಣ್ಣ ಸಣ್ಣ ಕುಟುಂಬಗಳಲ್ಲಿ ಕಂಡಿತು. ಜರ್ಮನಿಯ ಡೋಬರೈನರ್ 1829ರಲ್ಲಿ ಧಾತುಗಳ ಕೆಲವು ‘ತ್ರಿವಳಿ’ಗಳನ್ನು ಗುರುತಿಸಿದನು. ಕ್ಲೋರಿನ್, ಬ್ರೋಮಿನ್, ಅಯೋಡಿನ್ ಈ ಮೂರು ಗುಣದಲ್ಲಿ ಅಣ್ಣತಮ್ಮಂದಿರಂತೆ ಇವೆ. ಇವುಗಳ ಪರಮಾಣು ತೂಕಗಳು ಸುಮಾರಾಗಿ 35.5, 80 ಮತ್ತು 127. ಮೊದಲಿನದನ್ನೂ ಕೊನೆಯದನ್ನೂ ಕೂಡಿಸಿ ಅರ್ಧಮಾಡಿದರೆ 81 ಬರುತ್ತದೆ. ಅದು ನಡುವಿನದಕ್ಕೆ ಬಹಳ ಹತ್ತಿರ. ಸುಣ್ಣದ ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ ಮತ್ತು ಬೇರಿಯಂಗಳಲ್ಲಿಯೂ ಇದೇ ಲೆಕ್ಕ. ಇದು ಆಕಸ್ಮಿಕವೆನ್ನುವಂತಿರಲಿಲ್ಲ.

ಅನಂತರ 1865ರಲ್ಲಿ ಇಂಗ್ಲೆಂಡಿನ ನ್ಯೂಲೆಂಡ್ಸ್ ಎಂಬವನು ಧಾತುಗಳನ್ನು ತೂಕದ ಕ್ರಮದಲ್ಲಿ ಸಾಲಾಗಿ ಬರೆದು ನೋಡಿದನು. ಸಂಗೀತದಲ್ಲಿ ಸ, ರಿ, ಗ, ಮ, ಪ, ದ, ನಿ ಎಂಬ ಏಳು ಸ್ವರಗಳಾದ ಮೇಲೆ ಎಂಟನೆಯದು ಮತ್ತೆ ‘ಸ’ವೇ ಆಗುತ್ತದಲ್ಲವೇ? ಹಾಗೆಯೇ ಪ್ರತಿ ಎಂಟನೆಯ ಧಾತು ಮೊದಲಿನದರ ಗುಣವನ್ನು ಮರಳಿ ತೋರಿಸುತ್ತದೆ ಎಂದು ಅವನಿಗೆ ಹೊಳೆಯಿತು. ವಿದ್ವಾಂಸರ ಸಭೆಯಲ್ಲಿ ಅವನು ಇದನ್ನು ಮಂಡಿಸಿದಾಗ ಒಬ್ಬರು, ಧಾತುಗಳನ್ನು ಅಕ್ಷರಗಳ ಕ್ರಮದಲ್ಲಿ ಜೋಡಿಸಿ ನೋಡಲಿಲ್ಲವೇ ಎಂದು ಹಾಸ್ಯಮಾಡಿದರಂತೆ. ನ್ಯೂಲೆಂಡ್ಸನ ಕಾಣ್ಕೆ ಸುಳ್ಳಲ್ಲ, ಅಪೂರ್ಣ. ಇನ್ನೂ ಕಂಡುಹಿಡಿಯದ ಧಾತುಗಳಿಗೆ ಅವನು ಎಡೆಯನ್ನು ಬಿಟ್ಟಿರಲಿಲ್ಲ. ಆದುದರಿಂದ ಮುಂದೆ ಹೋದಂತೆ ಅವನ ಸ್ವರಗಳು ಅಪಸ್ವರವಾದವು.

ಎಡೆ ಬಿಡುವ ಧೈರ್ಯವನ್ನು ತೋರಿಸಿದವನು ರಷ್ಯದ ದ್ಮಿತ್ರಿ ಮೆಂಡೆಲೀವ್. ಸೈಬೀರಿಯದ ತೊಬೊಲ್ಸ್ಕ್ ಊರಿನಲ್ಲಿ 1834ರಲ್ಲಿ ಹುಟ್ಟಿದ ಇವನು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದನು. ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕವೊಂದನ್ನು ಬರೆಯುತ್ತಿದ್ದಾಗ ಯಾವ ಧಾತುವಿನ ಬಳಿಕ ಯಾವುದನ್ನು ಹೇಳಬೇಕು ಎಂಬ ಸಮಸ್ಯೆ ಅವನಿಗೆ ಎದುರಾಯಿತು. ಪಾಠವನ್ನು ಕ್ರಮವಾಗಿ ಹೇಳಬೇಕೆಂಬ ಒಬ್ಬ ಅಧ್ಯಾಪಕನ ಕಾಳಜಿಯೇ ಪ್ರಕೃತಿಯ ಕ್ರಮವನ್ನು ತೆರೆದು ತೋರಿಸಿತು. 1869ರಲ್ಲಿ ಅವನು ತನ್ನ ಕೋಷ್ಟಕವನ್ನು ಪ್ರಕಟಿಸಿದನು. ಜರ್ಮನಿಯ ಲೋಥರ್ ಮೇಯರ್ ಕೂಡ ಅದೇ ಕಾಲದಲ್ಲಿ ಸ್ವತಂತ್ರವಾಗಿ ಇಂಥದೇ ಕೋಷ್ಟಕವನ್ನು ರಚಿಸಿದ್ದನು.

ಮೆಂಡೆಲೀವನ ಉಪಾಯವನ್ನು ತಿಳಿಯಲು ಕನ್ನಡ ವಿದ್ಯಾರ್ಥಿ ದೂರ ಹೋಗಬೇಕಾಗಿಲ್ಲ. ಅವನು ಒಂದನೆಯ ತರಗತಿಯಲ್ಲಿಯೇ ಇಂಥ ಒಂದು ಕೋಷ್ಟಕವನ್ನು ಕಲಿತಿರುತ್ತಾನೆ. ಅದು ವರ್ಣಮಾಲೆಯ ವರ್ಗೀಯ ವ್ಯಂಜನಗಳ ಕೋಷ್ಟಕ. ಕ, ಖ, ಗ, ಘ, ಙ ಎಂಬುದು ಒಂದು ಅಡ್ಡಸಾಲು. ಅದರ ಕೆಳಗೆ ಚ-ವರ್ಗ, ಟ-ವರ್ಗ, ತ-ವರ್ಗ, ಪ-ವರ್ಗ. ಒಟ್ಟು ಇಪ್ಪತ್ತೈದು ಮನೆಗಳು. ಒಂದು ಅಡ್ಡಸಾಲಿನ ಅಕ್ಷರಗಳೆಲ್ಲ ಬಾಯಿಯ ಒಂದೇ ಸ್ಥಾನದಲ್ಲಿ ಹುಟ್ಟುತ್ತವೆ. ಕ-ವರ್ಗ ಕಂಠದಲ್ಲಿ, ತ-ವರ್ಗ ಹಲ್ಲಿನಲ್ಲಿ, ಪ-ವರ್ಗ ತುಟಿಯಲ್ಲಿ. ಮೇಲಿನಿಂದ ಕೆಳಕ್ಕೆ ಇಳಿಯುವ ಒಂದು ಕಂಬಸಾಲಿನ ಅಕ್ಷರಗಳೆಲ್ಲ ಒಂದೇ ರೀತಿಯಲ್ಲಿ ಹುಟ್ಟುತ್ತವೆ. ಎರಡನೆಯ ಮತ್ತು ನಾಲ್ಕನೆಯ ಕಂಬಸಾಲುಗಳು ಮಹಾಪ್ರಾಣಗಳು, ಐದನೆಯದು ಅನುನಾಸಿಕಗಳು.

ಈಗ ಯಾರೋ ಈ ಕೋಷ್ಟಕದಿಂದ ‘ಧ’ ಅಕ್ಷರವನ್ನು ಅಳಿಸಿದ್ದಾರೆಂದು ತಿಳಿಯೋಣ. ಆ ಅಕ್ಷರವನ್ನು ಎಂದೂ ಕೇಳದವನೂ ಬರಿದಾದ ಮನೆಯನ್ನು ನೋಡಿ ಅದು ಹೇಗಿರಬೇಕೆಂದು ಹೇಳಬಲ್ಲನು. ತ-ವರ್ಗದಲ್ಲಿರುವುದರಿಂದ ಅದು ಹಲ್ಲಿನಲ್ಲಿ ಹುಟ್ಟಬೇಕು; ಘ, ಝ, ಢ, ಭಗಳ ಕಂಬಸಾಲಿನಲ್ಲಿರುವುದರಿಂದ ಮಹಾಪ್ರಾಣವಾಗಬೇಕು; ‘ದ’ಕಾರವನ್ನು ಉಸಿರು ಸೇರಿಸಿ ಉಚ್ಚರಿಸಿದಂತೆ ಕೇಳಿಸಬೇಕು. ಮನೆಯ ಸ್ಥಾನವೇ ಮನೆಯವನ ಗುಣವನ್ನು ಹೇಳುತ್ತದೆ. ಆವರ್ತ ಕೋಷ್ಟಕದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಮೆಂಡೆಲೀವ್ ಧಾತುಗಳನ್ನು ತೂಕದ ಕ್ರಮದಲ್ಲಿ ಸಾಲಾಗಿ ಇರಿಸಿದನು. ಗುಣವು ಮರುಕಳಿಸಿದ ಕೂಡಲೇ ಹೊಸ ಸಾಲನ್ನು ಆರಂಭಿಸಿ, ಸಮಾನ ಗುಣದವು ಒಂದೇ ವರ್ಗಕ್ಕೆ ಸೇರುವಂತೆ ಮಾಡಿದನು. ಎಲ್ಲಿ ಧಾತುವೊಂದರ ಗುಣ ತನ್ನ ಕುಟುಂಬಕ್ಕೆ ಹೊಂದಲಿಲ್ಲವೋ ಅಲ್ಲಿ ಅವನು ಒತ್ತಾಯದಿಂದ ಅದನ್ನು ತುರುಕಲಿಲ್ಲ. ಒಂದು ಮನೆಯನ್ನು ಬರಿದಾಗಿ ಬಿಟ್ಟು ಮುಂದೆ ಸಾಗಿದನು. ‘ಇಲ್ಲಿ ಬರಬೇಕಾದವನು ಇನ್ನೂ ಬಂದಿಲ್ಲ’ ಎಂಬುದು ಆ ಬರಿದಾದ ಮನೆಯ ಅರ್ಥ. ಬಾರದ ಅತಿಥಿಗಳಿಗೆ ಅವನು ಹೆಸರಿಟ್ಟ ಬಗೆ ಭಾರತೀಯರಿಗೆ ಸಂತೋಷವನ್ನು ತರುವಂಥದು. ಸಂಸ್ಕೃತದ ಏಕ, ದ್ವಿ ಎಂಬ ಸಂಖ್ಯಾವಾಚಕಗಳನ್ನು ಅವನು ಬಳಸಿದನು. ಅಲ್ಯುಮಿನಿಯಮಿನಿಂದ ಒಂದು ಮನೆ ಕೆಳಗಿನದು ಏಕ-ಅಲ್ಯುಮಿನಿಯಂ. ಸಿಲಿಕಾನಿನಿಂದ ಒಂದು ಮನೆ ಕೆಳಗಿನದು ಏಕ-ಸಿಲಿಕಾನ್. ಜೋಯಿಡಾದ ಕಾಡಿನಲ್ಲಿ ಅದಿರಾಗಿರುವ ಮ್ಯಾಂಗನೀಸಿನ ಕೆಳಗಿನ ಎರಡು ಬರಿಮನೆಗಳು ಏಕ-ಮ್ಯಾಂಗನೀಸ್ ಮತ್ತು ದ್ವಿ-ಮ್ಯಾಂಗನೀಸ್.

ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಕಾಣದ ಧಾತುಗಳ ಜಾತಕವನ್ನೇ ಬರೆದನು. ಏಕ-ಅಲ್ಯುಮಿನಿಯಮಿನ ಪರಮಾಣು ತೂಕ ಸುಮಾರು 68, ಅದು ನೀರಿಗಿಂತ 5.9 ಪಟ್ಟು ಸಾಂದ್ರ, ಬೇಗನೆ ಕರಗುವ ಲೋಹ ಎಂದು ಹೇಳಿದನು. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೊದ್ರಾನ್ ಗ್ಯಾಲಿಯಂ ಎಂಬ ಹೊಸ ಲೋಹವನ್ನು ಕಂಡುಹಿಡಿದನು. ಅವನ ಅಳತೆಯಲ್ಲಿ ಅದರ ಸಾಂದ್ರತೆ 4.7 ಎಂದು ಬಂದಿತ್ತು. ಆ ಲೋಹವನ್ನು ಕಣ್ಣಿನಿಂದ ನೋಡಿಯೂ ಇರದ ಮೆಂಡೆಲೀವ್, ಮಾದರಿ ಶುದ್ಧವಾಗಿರಲಾರದು, ಮತ್ತೊಮ್ಮೆ ಅಳೆಯಬೇಕು ಎಂದು ತಿಳಿಸಿದನು. ಲೋಹವನ್ನು ಶುದ್ಧಗೊಳಿಸಿ ಅಳೆದಾಗ ಬಂದ ಸಂಖ್ಯೆ 5.9! ಗ್ಯಾಲಿಯಂ ಕರಗುವುದು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾರವಾರದ ಬೇಸಿಗೆಯ ಮಧ್ಯಾಹ್ನ ಅದನ್ನು ಹೊರಗಿಟ್ಟರೆ ನೀರಾಗಿ ಹರಿಯುತ್ತದೆ. 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ದೊರೆತು ಇನ್ನೆರಡು ಮನೆಗಳು ತುಂಬಿದವು. ಏಕ-ಸಿಲಿಕಾನಿನ ತೂಕ 72 ಎಂದು ಮೆಂಡೆಲೀವ್ ಬರೆದಿದ್ದನು. ಜರ್ಮೇನಿಯಮಿನ ತೂಕ 72.6. ತಿಳಿದುದನ್ನು ಅಂದವಾಗಿ ಜೋಡಿಸಿಡುವುದು ಪಟ್ಟಿಯ ಕೆಲಸ; ತಿಳಿಯದುದನ್ನು ಮುಂದಾಗಿ ಹೇಳುವುದು ನಿಯಮದ ಕೆಲಸ. ಮೆಂಡೆಲೀವನದು ನಿಯಮವೆಂದು ಜಗತ್ತು ಒಪ್ಪಿತು.

ಆದರೆ ಅದರಲ್ಲಿ ಒಂದು ತೊಡಕು ಉಳಿದಿತ್ತು. ಅಯೋಡಿನ್ ಕಡಲಿಗೆ ಹತ್ತಿರದ ಧಾತು. 1811ರಲ್ಲಿ ಫ್ರಾನ್ಸಿನ ಕೂರ್ತ್ವಾ ಅದನ್ನು ಕಂಡುಹಿಡಿದದ್ದು ಕಡಲಪಾಚಿಯ ಬೂದಿಯಲ್ಲಿ. ಇಂದು ಗಳಗಂಡ ರೋಗವನ್ನು ತಡೆಯಲು ಉಪ್ಪಿನೊಡನೆ ಬೆರೆಸುವುದೂ ಇದನ್ನೇ. ಇದರ ತೂಕ 126.9, ಟೆಲ್ಲೂರಿಯಮಿನದು 127.6. ತೂಕದ ಕ್ರಮದಂತೆ ಅಯೋಡಿನ್ ಮೊದಲು ಬರಬೇಕು. ಹಾಗೆ ಇಟ್ಟರೆ ಅದು ಕ್ಲೋರಿನ್ ಮತ್ತು ಬ್ರೋಮಿನ್‌ಗಳ ಕುಟುಂಬದಿಂದ ಹೊರಗುಳಿಯುತ್ತದೆ. ಮೆಂಡೆಲೀವ್ ಗುಣಕ್ಕೆ ಮಣಿದು ಟೆಲ್ಲೂರಿಯಮನ್ನು ಮುಂದಿಟ್ಟನು. ತೂಕದ ಅಳತೆಯಲ್ಲಿಯೇ ತಪ್ಪಿರಬೇಕೆಂದು ಎಣಿಸಿದನು. ವಾಸ್ತವದಲ್ಲಿ ಅಳತೆ ತಪ್ಪಾಗಿರಲಿಲ್ಲ. ತಪ್ಪಿದ್ದುದು ಅಳತೆಗೋಲಿನಲ್ಲಿ.

ನಿಜವಾದ ಅಳತೆಗೋಲನ್ನು ಕೊಟ್ಟವನು ಹೆನ್ರಿ ಮೋಸ್ಲಿ ಎಂಬ ಇಂಗ್ಲಿಷ್ ತರುಣ. 1913 ಮತ್ತು 1914ರಲ್ಲಿ ಅವನು ಧಾತುಗಳಿಂದ ಹೊರಡುವ ಕ್ಷಕಿರಣಗಳನ್ನು ಅಳೆದು, ಪ್ರತಿಯೊಂದು ಧಾತುವಿಗೂ ಒಂದು ಕ್ರಮಸಂಖ್ಯೆ ಇದೆಯೆಂದು ತೋರಿಸಿದನು. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಎಂಬ ತಿರುಳಿದೆ. ಅದರಲ್ಲಿರುವ ಪ್ರೋಟಾನ್‌ಗಳ ಎಣಿಕೆಯೇ ಆ ಸಂಖ್ಯೆ, ಎಂದರೆ ಪರಮಾಣು ಸಂಖ್ಯೆ. ಟೆಲ್ಲೂರಿಯಮಿನದು 52, ಅಯೋಡಿನ್ನಿನದು 53. ತೊಡಕು ತಾನಾಗಿಯೇ ಬಿಡಿಸಿತು. ಎಣಿಕೆ ಬಂದ ಮೇಲೆ ಎಲ್ಲೆಲ್ಲಿ ಮನೆಗಳು ಬರಿದಾಗಿವೆ ಎಂಬುದೂ ನಿಶ್ಚಿತವಾಯಿತು. 43, 61, 72, 75 ಈ ಸಂಖ್ಯೆಗಳಿಗೆ ಧಾತುಗಳು ಇರಲಿಲ್ಲ. ಅವುಗಳನ್ನು ಹುಡುಕುವ ಭಾಗ್ಯ ಮೋಸ್ಲಿಗೆ ಬರಲಿಲ್ಲ. ಯುದ್ಧಕ್ಕೆ ಹೋದ ಅವನು 1915ರ ಆಗಸ್ಟ್ 10ರಂದು ಗಲಿಪೊಲಿಯಲ್ಲಿ ಗುಂಡಿಗೆ ಬಲಿಯಾದನು. ಆಗ ಅವನಿಗೆ ಇಪ್ಪತ್ತೇಳು ವರ್ಷ. ಮೆಂಡೆಲೀವನ ದ್ವಿ-ಮ್ಯಾಂಗನೀಸ್ 1925ರಲ್ಲಿ ರೀನಿಯಂ ಎಂಬ ಹೆಸರಿನಿಂದ 75ನೆಯ ಮನೆಗೆ ಬಂದಿತು. ಏಕ-ಮ್ಯಾಂಗನೀಸ್ ಗಣಿಯಲ್ಲಿ ದೊರೆಯಲಿಲ್ಲ. 1937ರಲ್ಲಿ ಕೃತಕವಾಗಿ ಪಡೆದ ಟೆಕ್ನೀಷಿಯಂ 43ನೆಯ ಮನೆಯನ್ನು ತುಂಬಿತು.

ಗುಣಗಳು ಮರುಕಳಿಸುವುದಾದರೂ ಏಕೆ? ನ್ಯೂಕ್ಲಿಯಸ್ಸಿನ ಸುತ್ತ ಪ್ರೋಟಾನ್‌ಗಳಷ್ಟೇ ಸಂಖ್ಯೆಯ ಎಲೆಕ್ಟ್ರಾನ್‌ಗಳು ಪದರು ಪದರಾಗಿ ಇವೆ. ಈ ಪದರುಗಳಿಗೆ ಕವಚಗಳೆಂದು ಹೆಸರು. ಒಳಗಿನ ಕವಚದಲ್ಲಿ ಎರಡಕ್ಕೆ ಮಾತ್ರ ಎಡೆ, ಎರಡನೆಯದರಲ್ಲಿ ಎಂಟಕ್ಕೆ. ಧಾತುವಿನ ನಡೆನುಡಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಅತ್ಯಂತ ಹೊರಗಿನ ಕವಚದಲ್ಲಿರುವ ಎಲೆಕ್ಟ್ರಾನ್‌ಗಳು. ಹೊರಕವಚದ ಎಣಿಕೆ ಮರುಕಳಿಸಿದಾಗ ಗುಣವೂ ಮರುಕಳಿಸುತ್ತದೆ. ಇದೇ ಆವರ್ತದ ಗುಟ್ಟು.

ಈಗ ಅಂಕೋಲೆಯ ಉಪ್ಪಿನ ಪ್ರಶ್ನೆಗೆ ಉತ್ತರ ಸುಲಭ. ಸೋಡಿಯಂ 11ನೆಯ ಧಾತು. ಅದರ ಎಲೆಕ್ಟ್ರಾನ್‌ಗಳು 2, 8, 1 ಎಂದು ಹಂಚಿಕೊಂಡಿವೆ. ಹೊರಗಿನ ಒಂಟಿ ಎಲೆಕ್ಟ್ರಾನನ್ನು ಕೊಟ್ಟುಬಿಡಲು ಅದು ಸದಾ ಸಿದ್ಧ; ಆ ಆತುರವೇ ಅದರ ಬೆಂಕಿ. ಕ್ಲೋರಿನ್ 17ನೆಯದು, ಅದರ ಹಂಚಿಕೆ 2, 8, 7. ಎಂಟಾಗಲು ಒಂದು ಕೊರತೆ. ಸಿಕ್ಕಿದವರಿಂದ ಆ ಒಂದನ್ನು ಕಿತ್ತುಕೊಳ್ಳುವ ಹಸಿವೇ ಅದರ ವಿಷ. ಇವೆರಡೂ ಸೇರಿದಾಗ ಒಂದು ಕೊಡುತ್ತದೆ, ಇನ್ನೊಂದು ಪಡೆಯುತ್ತದೆ. ಆತುರ ತಣಿಯುತ್ತದೆ, ಹಸಿವು ಹಿಂಗುತ್ತದೆ. ಉಳಿಯುವುದು ಶಾಂತವಾದ ಉಪ್ಪು.

ಇಂದಿನ ಕೋಷ್ಟಕದಲ್ಲಿ ಏಳು ಅಡ್ಡಸಾಲುಗಳಿವೆ. ಅವುಗಳಿಗೆ ಆವರ್ತಗಳೆಂದು ಹೆಸರು. ಹದಿನೆಂಟು ಕಂಬಸಾಲುಗಳಿವೆ, ಅವು ಗುಂಪುಗಳು. ಆವರ್ತಗಳಲ್ಲಿ ಕ್ರಮವಾಗಿ 2, 8, 8, 18, 18, 32, 32 ಧಾತುಗಳಿವೆ. ಎಡದ ಅಂಚಿನ ಮೊದಲನೆಯ ಗುಂಪಿನಲ್ಲಿ ಜಲಜನಕದ ಕೆಳಗೆ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಉಗ್ರ ಲೋಹಗಳು. ಅವುಗಳ ಪಕ್ಕದಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಗುಂಪು. ನಡುವೆ ಮ್ಯಾಂಗನೀಸ್, ಕಬ್ಬಿಣ, ತಾಮ್ರ ಮುಂತಾದ ಸಂಕ್ರಮಣ ಲೋಹಗಳು. ಮ್ಯಾಂಗನೀಸ್ 25, ಕಬ್ಬಿಣ 26. ಉಕ್ಕಿನ ಕುಲುಮೆಯಲ್ಲಿ ಜೊತೆಗೂಡುವ ಇವೆರಡೂ ಕೋಷ್ಟಕದಲ್ಲಿ ಅಕ್ಕಪಕ್ಕದ ಮನೆಯವು. ಬಲಗಡೆ ಇಂಗಾಲ, ಸಾರಜನಕ, ಆಮ್ಲಜನಕ, ಗಂಧಕಗಳಂಥ ಅಲೋಹಗಳು. ಹದಿನೇಳನೆಯದು ಕ್ಲೋರಿನ್ನಿನ ಗುಂಪು.

ಹದಿನೆಂಟನೆಯ ಗುಂಪಿನ ಕತೆ ಬೇರೆ. ಹೊರಕವಚ ತುಂಬಿರುವುದರಿಂದ ಕೊಡುವ ಆತುರವಾಗಲಿ ಪಡೆಯುವ ಹಸಿವಾಗಲಿ ಇಲ್ಲದ ಜಡಾನಿಲಗಳು ಇಲ್ಲಿವೆ. ಯಾವುದರೊಡನೆಯೂ ಸುಲಭವಾಗಿ ಸೇರದ ಇವು ಬಹುಕಾಲ ಕಣ್ಣಿಗೆ ಬೀಳಲಿಲ್ಲ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಕರ್ನಾಟಕದ ಜಮಖಂಡಿಯಲ್ಲಿ ಜಾನ್ ಹರ್ಷಲ್ ಎಂಬ ಸೇನಾಧಿಕಾರಿ, ಆಂಧ್ರದ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಹೀಗೆ ಹಲವರು ವರ್ಣಪಟಲದರ್ಶಕದ ಮೂಲಕ ನೋಡಿ ಸೂರ್ಯನ ಜ್ವಾಲೆಗಳಲ್ಲಿ ಪ್ರಕಾಶಮಾನವಾದ ರೇಖೆಗಳನ್ನು ಕಂಡರು. ಅವುಗಳಲ್ಲೊಂದು ಹಳದಿ ರೇಖೆ ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಅದು ಹೀಲಿಯಂ. ಭೂಮಿಯ ಮೇಲೆ ರಾಮ್ಸೆ ಅದನ್ನು ಗುರುತಿಸಿದ್ದು 1895ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಅವನೂ ರ‍್ಯಾಲಿಯೂ ಗಾಳಿಯಲ್ಲಿ ಆರ್ಗಾನನ್ನು ಕಂಡುಹಿಡಿದಿದ್ದರು. ಮೆಂಡೆಲೀವನೂ ನಿರೀಕ್ಷಿಸದ ಇಡಿಯ ಒಂದು ಕುಟುಂಬ ಬಂದು ಬಾಗಿಲು ತಟ್ಟಿತು. ಕೋಷ್ಟಕ ಕುಸಿಯಲಿಲ್ಲ. ಹೊಸದಾಗಿ ಒಂದು ಸಾಲು ಸೇರಿತು, ಅಷ್ಟೆ.

ಕೋಷ್ಟಕದ ಅಡಿಯಲ್ಲಿ ಎರಡು ಸಾಲುಗಳನ್ನು ಬೇರೆಯಾಗಿ ಬರೆಯುತ್ತಾರೆ. ಅವು ಹೊರಗಿನವಲ್ಲ. ಆರನೆಯ ಮತ್ತು ಏಳನೆಯ ಆವರ್ತಗಳ ಒಳಗೇ ಸೇರಿದವು. ಹಾಗೆ ಬರೆದರೆ ಕಾಗದದ ಅಗಲ ಸಾಲದೆಂದು ಕೆಳಗಿಟ್ಟಿದ್ದಾರೆ. ಕೈಗಾದ ಇಂಧನವಾದ 92ನೆಯ ಯುರೇನಿಯಂ ಇರುವುದು ಆ ಎರಡನೆಯ ಸಾಲಿನಲ್ಲಿ. 113, 115, 117, 118ನೆಯ ಧಾತುಗಳಿಗೆ 2016ರಲ್ಲಿ ಹೆಸರಿಟ್ಟಾಗ ಏಳನೆಯ ಆವರ್ತ ಭರ್ತಿಯಾಯಿತು.

ಮನೆಯ ಸ್ಥಾನವನ್ನು ಅರಿಯುವುದು ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಎಂದು ತಿಳಿಯುವವರು ಕೈಗಾವನ್ನು ನೆನೆಯಬೇಕು. ಅಲ್ಲಿಯ ನಾಲ್ಕು ರಿಯಾಕ್ಟರುಗಳಲ್ಲಿ ಒಂದೊಂದರ ಸಾಮರ್ಥ್ಯ 220 ಮೆಗಾವ್ಯಾಟ್. ಒಂದನೆಯ ಘಟಕವು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗ ಜಗತ್ತಿನ ದಾಖಲೆಯನ್ನು ಸ್ಥಾಪಿಸಿತು. ಯುರೇನಿಯಂ ಬಿಲ್ಲೆಗಳನ್ನು ಅಲ್ಲಿ ತೆಳ್ಳನೆಯ ಲೋಹದ ಕೊಳವೆಗಳಲ್ಲಿ ತುಂಬಿರುತ್ತಾರೆ. ಕೊಳವೆಯ ಲೋಹ ಜಿರ್ಕೋನಿಯಮಿನ ಮಿಶ್ರಲೋಹ. ಯುರೇನಿಯಮನ್ನು ಸೀಳುವ ನ್ಯೂಟ್ರಾನ್‌ಗಳನ್ನು ಜಿರ್ಕೋನಿಯಂ ಬಹುಮಟ್ಟಿಗೆ ತಡೆಯದೆ ಹಾಯಲು ಬಿಡುತ್ತದೆ. ಆದುದರಿಂದ ಅದಕ್ಕೆ ಈ ಗೌರವ.

ಜಿರ್ಕೋನಿಯಮಿಗೆ ಒಬ್ಬ ಗುಪ್ತ ಸಹೋದರನಿದ್ದನು. ಮೋಸ್ಲಿ ಎಣಿಸಿದ ಬರಿಮನೆಗಳಲ್ಲಿ 72 ಒಂದಷ್ಟೆ? ಅದನ್ನು ಬಹು ಮಂದಿ ವಿರಳಭಸ್ಮ ಧಾತುಗಳ ಅದಿರಿನಲ್ಲಿ ಹುಡುಕುತ್ತಿದ್ದರು. ಆದರೆ ಡೆನ್ಮಾರ್ಕಿನ ನೀಲ್ಸ್ ಬೋರ್ ಎಲೆಕ್ಟ್ರಾನ್ ಕವಚಗಳನ್ನು ಲೆಕ್ಕಹಾಕಿ, ಆ ಮನೆ ಜಿರ್ಕೋನಿಯಮಿನ ನೇರ ಕೆಳಗಿರುವುದರಿಂದ ಅಲ್ಲಿಯ ಧಾತು ಜಿರ್ಕೋನಿಯಮಿನಂತೆಯೇ ಇರಬೇಕೆಂದು ಹೇಳಿದನು. ಕೋಪನ್‌ಹೇಗನ್ನಿನಲ್ಲಿ ಕಾಸ್ಟರ್ ಮತ್ತು ಹೆವೆಶಿ ಜಿರ್ಕೋನಿಯಂ ಅದಿರನ್ನೇ ಪರೀಕ್ಷಿಸಿದರು. 1923ರಲ್ಲಿ ಹ್ಯಾಫ್ನಿಯಂ ಪ್ರಕಟವಾಯಿತು. ಅದು ಜಿರ್ಕೋನಿಯಮಿನೊಡನೆ ನೂರಕ್ಕೆ ಒಂದೆರಡು ಪಾಲಿನಷ್ಟು ಸದಾ ಬೆರೆತೇ ಇದ್ದಿತು. ಗುಣದಲ್ಲಿ ಅಷ್ಟು ಹೋಲಿಕೆಯಿದ್ದುದರಿಂದ ನೂರಾರು ವಿಜ್ಞಾನಿಗಳ ಕೈ ದಾಟಿದರೂ ಸಿಕ್ಕಿಬಿದ್ದಿರಲಿಲ್ಲ. ರಾಸಾಯನಿಕ ಗುಣದಲ್ಲಿ ಇಷ್ಟು ಸಮೀಪದ ಈ ಸಹೋದರರು ಒಂದು ವಿಷಯದಲ್ಲಿ ಮಾತ್ರ ಪೂರ್ವಪಶ್ಚಿಮ. ಹ್ಯಾಫ್ನಿಯಂ ಜಿರ್ಕೋನಿಯಮಿಗಿಂತ ಐನೂರು ಪಟ್ಟಿಗೂ ಹೆಚ್ಚಾಗಿ ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತದೆ. ಅದನ್ನು ಬೇರ್ಪಡಿಸದೆ ಕೊಳವೆ ಮಾಡಿದರೆ ಇಂಧನದ ಶಕ್ತಿ ವ್ಯರ್ಥವಾಗುತ್ತದೆ. ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ ಈ ಕಷ್ಟಸಾಧ್ಯವಾದ ಬೇರ್ಪಡಿಕೆಯನ್ನು ಮಾಡಿ ಕೊಳವೆಗಳನ್ನು ತಯಾರಿಸುತ್ತಾರೆ. ಬರಿಮನೆಯೊಂದರ ಮೇಲೆ ಕೋಪನ್‌ಹೇಗನ್ನಿನಲ್ಲಿ ನಡೆದ ಚಿಂತನೆ ಇಂದು ಕಾಳೀ ದಂಡೆಯಲ್ಲಿ ದೀಪವಾಗಿ ಬೆಳಗುತ್ತಿದೆ.

ಇನ್ನೊಂದು ಮುಖವೂ ಉಂಟು. ಯುರೇನಿಯಂ ಸೀಳಿದಾಗ ವಿಕಿರಣವನ್ನು ಸೂಸುವ ಸ್ಟ್ರಾನ್ಷಿಯಂ ಮತ್ತು ಸೀಸಿಯಂಗಳು ಹುಟ್ಟುತ್ತವೆ. ಇವು ಅಪಾಯಕರವೆಂದು ತಿಳಿದರೆ ಸಾಲದು. ಹೇಗೆ ಅಪಾಯಕರವೆಂಬುದನ್ನು ಕೋಷ್ಟಕವೇ ಹೇಳುತ್ತದೆ. ಸ್ಟ್ರಾನ್ಷಿಯಮಿನ ಮನೆ ಕ್ಯಾಲ್ಸಿಯಮಿನ ನೇರ ಕೆಳಗೆ. ದೇಹಕ್ಕೆ ಹೊಕ್ಕರೆ ಅದು ಕ್ಯಾಲ್ಸಿಯಮಿನ ವೇಷದಲ್ಲಿ ಎಲುಬಿಗೆ ಸೇರುತ್ತದೆ. ಸೀಸಿಯಂ ಪೊಟ್ಯಾಸಿಯಮಿನ ಕುಟುಂಬದ್ದು. ಅದು ಪೊಟ್ಯಾಸಿಯಮಿನ ದಾರಿಹಿಡಿದು ಸ್ನಾಯುಗಳಿಗೆ ಹೋಗುತ್ತದೆ. ಸ್ಟ್ರಾನ್ಷಿಯಂ-90 ಮತ್ತು ಸೀಸಿಯಂ-137 ಅರ್ಧಕ್ಕೆ ಇಳಿಯಲು ಸುಮಾರು ಮೂವತ್ತು ವರ್ಷ ಬೇಕು. ಅದಕ್ಕಾಗಿಯೇ ಅವುಗಳನ್ನು ಹೊರಬಿಡದಂತೆ ಕಾಪಾಡುವುದು ಸ್ಥಾವರದ ಮೊದಲ ಕರ್ತವ್ಯ. ಸುತ್ತಲಿನ ನೀರು, ಹಾಲು, ಮೀನುಗಳ ಮಾದರಿಗಳನ್ನು ತಂದು ಪರೀಕ್ಷಿಸುವ ಪ್ರಯೋಗಾಲಯ ಇರುವುದೂ ಅದಕ್ಕಾಗಿಯೇ. ಹಾಲಿನಲ್ಲಿ ಸ್ಟ್ರಾನ್ಷಿಯಮನ್ನು ಏಕೆ ಹುಡುಕಬೇಕು? ಹಾಲಿನಲ್ಲಿ ಕ್ಯಾಲ್ಸಿಯಂ ಇದೆ. ಅಣ್ಣನಿರುವಲ್ಲಿಗೆ ತಮ್ಮನೂ ಬರಬಹುದು.

1869ರಲ್ಲಿ ಮೆಂಡೆಲೀವ್ ತಿಳಿಯದ ಜಾಗವನ್ನು ತಿಳಿದಂತೆ ತುಂಬಿಸಿದ್ದರೆ ಅವನ ಕೋಷ್ಟಕ ಅಂದಿಗೆ ಪೂರ್ಣವಾಗಿ ಕಾಣುತ್ತಿತ್ತು, ಕೆಲವೇ ವರ್ಷಗಳಲ್ಲಿ ಮರೆತುಹೋಗುತ್ತಿತ್ತು. ಅವನು ಬರಿದಾಗಿ ಬಿಟ್ಟ ಮನೆಗಳೇ ಅವನ ಹೆಸರನ್ನು ಉಳಿಸಿದವು. ತಿಳಿದುದನ್ನು ಕ್ರಮದಲ್ಲಿ ಇಡಬೇಕು. ತಿಳಿಯದುದಕ್ಕೆ ಪ್ರಾಮಾಣಿಕವಾಗಿ ಎಡೆ ಬಿಡಬೇಕು. ಅಂಕೋಲೆಯ ಹಿಡಿ ಉಪ್ಪು ಒಂದು ಕಾಲಕ್ಕೆ ಜನರಿಗೆ ತಮ್ಮ ಹಕ್ಕನ್ನು ಕಲಿಸಿತು. ಅದೇ ಉಪ್ಪಿನ ಹರಳು ಇಂದಿನ ವಿದ್ಯಾರ್ಥಿಗೆ ಪ್ರಕೃತಿಯ ಕ್ರಮವನ್ನು ಕಲಿಸಬಲ್ಲದು.

ಅಭ್ಯಾಸ

ಅ. ಶಬ್ದಗಳ ಅರ್ಥ

ಅನುನಾಸಿಕ – ಮೂಗಿನ ಸಹಾಯದಿಂದ ಉಚ್ಚರಿಸುವ ಅಕ್ಷರ
ಅಳಿವೆ – ನದಿ ಕಡಲನ್ನು ಸೇರುವ ಸ್ಥಳ
ಆಗರ – ಉಪ್ಪು ಬೆಳೆಯುವ ಗದ್ದೆ
ಆವರ್ತ – ಮರುಕಳಿಸುವಿಕೆ, ಕೋಷ್ಟಕದ ಅಡ್ಡಸಾಲು
ಕಾಣ್ಕೆ – ಒಳನೋಟ
ಗಳಗಂಡ – ಕತ್ತಿನ ಗ್ರಂಥಿ ಊದಿಕೊಳ್ಳುವ ರೋಗ
ಸಾಂದ್ರ – ದಟ್ಟವಾದ

ಆ. ಒಂದು ವಾಕ್ಯದಲ್ಲಿ ಉತ್ತರಿಸಿರಿ

1. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಯಾವ ದಿನ ನಡೆಯಿತು?
2. ಪರಮಾಣು ಸಂಖ್ಯೆ ಎಂದರೇನು?
3. ಮೆಂಡೆಲೀವನ ದ್ವಿ-ಮ್ಯಾಂಗನೀಸಿಗೆ ಇಂದಿನ ಹೆಸರೇನು?

ಇ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ

1. ವರ್ಗೀಯ ವ್ಯಂಜನಗಳ ಕೋಷ್ಟಕಕ್ಕೂ ಆವರ್ತ ಕೋಷ್ಟಕಕ್ಕೂ ಇರುವ ಹೋಲಿಕೆಯನ್ನು ವಿವರಿಸಿರಿ.
2. ಬೆಂಕಿಯಂಥ ಸೋಡಿಯಂ ಮತ್ತು ವಿಷವಾದ ಕ್ಲೋರಿನ್ ಕೂಡಿ ಉಪ್ಪಾಗುವ ಬಗೆ ಹೇಗೆ?
3. ಅಯೋಡಿನ್ ಮತ್ತು ಟೆಲ್ಲೂರಿಯಂಗಳ ತೊಡಕು ಹೇಗೆ ಬಿಡಿಸಿತು?

ಈ. ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ಬರೆಯಿರಿ

1. ‘ಇಲ್ಲಿ ಬರಬೇಕಾದವನು ಇನ್ನೂ ಬಂದಿಲ್ಲ.’
2. ‘ಅಣ್ಣನಿರುವಲ್ಲಿಗೆ ತಮ್ಮನೂ ಬರಬಹುದು.’

ಉ. ಮಾಡಿ ನೋಡಿರಿ

ನಿಮ್ಮ ಮನೆಯಲ್ಲಿ ಮತ್ತು ಊರಿನಲ್ಲಿ ಕಾಣುವ ಹತ್ತು ಧಾತುಗಳನ್ನು ಪಟ್ಟಿಮಾಡಿ, ಆವರ್ತ ಕೋಷ್ಟಕದಲ್ಲಿ ಅವುಗಳ ಗುಂಪನ್ನೂ ಆವರ್ತವನ್ನೂ ಗುರುತಿಸಿರಿ.